ಬೀಜಕ ತಿನ್ನುವ ಥ್ರಿಪ್ಸ್: ಬಾಯಿ ನೋಡಿ ಕುಲ ಹೇಳುವುದು

ಮುರಿದ ಕೊಂಬೆಯಲ್ಲಿ ಒಣಗಿ ನೇತಾಡುತ್ತಿರುವ ಎಲೆಗೊಂಚಲನ್ನು ಬಿಳಿ ತಟ್ಟೆಯ ಮೇಲೆ ಹಿಡಿದು ಎರಡೇಟು ಬಡಿಯಿರಿ. ಧೂಳು, ತೊಗಟೆ ಚೂರು, ಒಂದೆರಡು ಮರಿ ಜೇಡ ಬೀಳುತ್ತವೆ. ಗಡಿಬಿಡಿ ಮಾಡಬೇಡಿ, ಒಂದು ನಿಮಿಷ ಸುಮ್ನೆ ನೋಡುತ್ತಿರಿ. ಕಪ್ಪು ದಾರದ ತುಂಡಿನಂಥದ್ದೊಂದು ನಿಧಾನವಾಗಿ ನಡೆಯತೊಡಗುತ್ತದೆ. ಕುಂಚದ ತುದಿಯಿಂದ ಮುಟ್ಟಿದರೆ ಚೇಳಿನ ಹಾಗೆ ಬಾಲ ಎತ್ತುತ್ತದೆ. ಕುಟುಕುವುದೇನೂ ಇಲ್ಲ, ಬರೀ ಬೆದರಿಕೆ.

ಇದೂ ಥ್ರಿಪ್ಸೇ. ಆದರೆ ಎಲೆ ಮುರುಟಿಸಿ ರೈತರಿಂದ ಬೈಸಿಕೊಳ್ಳುವ ಥ್ರಿಪ್ಸ್ ಅಲ್ಲ. ಇದಕ್ಕೆ ಹಸಿರು ಎಲೆಯ ರಸ ಬೇಡ. ಸತ್ತ ಎಲೆ, ಒಣಕಡ್ಡಿಗಳ ಮೇಲೆ ಬೆಳೆಯುವ ಬೂಷ್ಟಿನ ಬೀಜಕಗಳೇ, ಅಂದರೆ ಬೂಷ್ಟು ಹರಡುವ ಪುಡಿಯಂಥ ಕಣಗಳೇ (ಸ್ಪೋರ್), ಇದರ ಊಟ. ಅದೂ ಬೀಜಕದ ರಸ ಹೀರುವುದಲ್ಲ, ಬೀಜಕವನ್ನು ಇಡಿಯಾಗಿ ನುಂಗುವುದು. ಇಂಥ ಹುಳು ಕೈಗೆ ಸಿಕ್ಕರೆ ಅದನ್ನು ಯಾವ ಗಣ (ಆರ್ಡರ್), ಯಾವ ಕುಟುಂಬ (ಫ್ಯಾಮಿಲಿ), ಯಾವ ಕುಲಕ್ಕೆ (ಜೀನಸ್) ಸೇರಿಸಬೇಕು, ಹೆಸರು ಹೇಗೆ ಬರೆಯಬೇಕು ಎಂಬುದನ್ನು ಒಂದೊಂದೇ ಹೆಜ್ಜೆಯಾಗಿ ನೋಡೋಣ. 400 ಪಟ್ಟು ದೊಡ್ಡದು ಮಾಡುವ ಮೈಕ್ರೋಸ್ಕೋಪ್ ಬೇಕು, ಅದರ ಕಣ್ಣುಗಾಜಿನಲ್ಲಿ ಅಳತೆ ಗೆರೆ ಇರಬೇಕು. ಭೂತಗನ್ನಡಿ ಒಂದರಿಂದಲೇ ಇದು ಮುಗಿಯುವ ಕೆಲಸವಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಗುಂಪಿನಲ್ಲಿ ಕಣ್ಣಿಗೆ ಮೊದಲು ಹೊಡೆಯುವುದು ಗಾತ್ರ, ಬಣ್ಣ, ಕೊಂಬು, ದಪ್ಪ ಮುಂಗಾಲು. ನಂಬಿದರೆ ಹಳ್ಳಕ್ಕೆ ಕೆಡವುವುದೂ ಅವೇ. ಮೊದಲು ಬಾಯಿ ನೋಡಿ. ಗಾತ್ರವನ್ನು ಕೊನೆಗೆ ನೋಡಿ.

ಹೆಜ್ಜೆ 1: ಒಂದಲ್ಲ, ಒಂದು ಹಿಂಡು ಹಿಡಿಯಿರಿ

ಎಲ್ಲಿ ಹುಡುಕಬೇಕು? ಸತ್ತ ಕೊಂಬೆ, ಮರದಲ್ಲೇ ಒಣಗಿ ಉಳಿದ ಎಲೆಗೊಂಚಲು, ನೆಲದ ತರಗೆಲೆ, ಹುಲ್ಲಿನ ಬುಡದ ಕಸ. ಕೊಂಬೆಗಳಿಗೆ ತಟ್ಟೆ ಹಿಡಿದು ಬಡಿದರೆ ಸಾಕು. ತರಗೆಲೆಯಾದರೆ ಅದನ್ನು ಜರಡಿ ಇಟ್ಟ ಆಲಿಕೆಯಲ್ಲಿ ತುಂಬಿ ಮೇಲೊಂದು ಬಲ್ಬ್ ಉರಿಸುತ್ತಾರೆ. ಮೇಲಿನಿಂದ ಎಲೆ ಒಣಗುತ್ತಾ ಬಂದ ಹಾಗೆ ಹುಳುಗಳು ಕೆಳಕ್ಕೆ ಇಳಿದು ಆಲಿಕೆಯ ಬುಡದ ಸೀಸೆಗೆ ಬೀಳುತ್ತವೆ.

ಒಂದು ಚೆಂದದ ಹುಳು ಸಿಕ್ಕಿತು ಅಂತ ಅಲ್ಲಿಗೇ ನಿಲ್ಲಿಸಬೇಡಿ. ಅದೇ ಕೊಂಬೆಯಿಂದ ಹತ್ತು ಹದಿನೈದು ಹಿಡಿಯಿರಿ. ಚಿಕ್ಕದು, ದೊಡ್ಡದು, ರೆಕ್ಕೆ ಇರುವುದು, ಇಲ್ಲದ್ದು, ಕೆಂಪು ಪಟ್ಟೆಯ ಮರಿಗಳು, ಎಲ್ಲವೂ ಬರಲಿ. ಯಾಕೆ ಅನ್ನುವುದು ಐದು ಮತ್ತು ಆರನೇ ಹೆಜ್ಜೆಗಳಲ್ಲಿ ಗೊತ್ತಾಗುತ್ತದೆ.

ಹಿಡಿದವನ್ನು ಹಾಕಲು ಥ್ರಿಪ್ಸ್ ಕೆಲಸದವರು ಬಳಸುವ ಒಂದು ದ್ರಾವಣ ಇದೆ. 60 ಶೇಕಡಾ ಆಲ್ಕೋಹಾಲ್ 10 ಪಾಲು, ಗ್ಲಿಸರಿನ್ 1 ಪಾಲು, ಅಸಿಟಿಕ್ ಆಮ್ಲ 1 ಪಾಲು. ಇದರಲ್ಲಿ ಸತ್ತ ಹುಳುವಿನ ಕಾಲು, ರೆಕ್ಕೆ ಸೆಟೆದು ಮುರಿಯುವುದಿಲ್ಲ, ಮೆತ್ತಗೆ ಬಿಡಿಸಿಕೊಳ್ಳುತ್ತವೆ. ಆಮೇಲೆ ಆಲ್ಕೋಹಾಲಿಗೆ ಬದಲಾಯಿಸಿ ತಂಪು, ಕತ್ತಲೆ ಜಾಗದಲ್ಲಿ ಇಡಿ. ಡಿಎನ್ಎ ಪರೀಕ್ಷೆಯ ಯೋಚನೆ ಇದ್ದರೆ ಕೆಲವನ್ನು ಮೊದಲಿನಿಂದಲೇ 95 ಶೇಕಡಾ ಆಲ್ಕೋಹಾಲಿನಲ್ಲಿ ಬೇರೆ ಇಡಬೇಕು.

ಚೀಟಿಯನ್ನು ಅಲ್ಲೇ ನಿಂತು ಪೆನ್ಸಿಲಿನಲ್ಲಿ ಬರೆದು ಸೀಸೆಯೊಳಗೆ ಹಾಕಿ. ಜಾಗ, ತಾರೀಕು, ಯಾವ ಮರ, ಅದರ ಯಾವ ಭಾಗ, ಹಿಡಿದವರು ಯಾರು, ಇಷ್ಟೂ ಬೇಕು. ಬರೀ ‘ಮರದ ಮೇಲೆ’ ಅಂತ ಬರೆದರೆ ಏನೂ ಪ್ರಯೋಜನವಿಲ್ಲ. ‘ನೇತಾಡುವ ಒಣ ಎಲೆ’ ಮತ್ತು ‘ಹಸಿ ಎಲೆ’ ನಡುವಿನ ವ್ಯತ್ಯಾಸವೇ ಇಲ್ಲಿ ಅರ್ಧ ಉತ್ತರ.

ಹೆಜ್ಜೆ 2: ಒಳಗಿದ್ದದ್ದು ಕಾಣುವಂತೆ ಸ್ಲೈಡ್ ಮಾಡಿ

ಬೀಜಕ ತಿನ್ನುವ ಥ್ರಿಪ್ಸ್‌ಗಳಲ್ಲಿ ಹೆಚ್ಚಿನವು ಕಡು ಕಂದು, ಇಲ್ಲವೇ ಕಪ್ಪು. ಹಾಗೇ ಇಟ್ಟು ನೋಡಿದರೆ ಬರೀ ಮಸಿ. ಬಣ್ಣ ಇಳಿಸಬೇಕು.

ತಣ್ಣನೆಯ 5 ಶೇಕಡಾ ಕಾಸ್ಟಿಕ್ ಸೋಡಾ ನೀರಿನಲ್ಲಿ ಹುಳುವನ್ನು ನೆನೆಸಿ. ತೆಳು ಬಣ್ಣದ್ದಕ್ಕೆ ಅರ್ಧ ಗಂಟೆ ಸಾಕು, ಕಪ್ಪಗಿರುವುದಕ್ಕೆ ಒಂದು ರಾತ್ರಿ ಬೇಕಾಗಬಹುದು. ಕೈಗೆ, ಕಣ್ಣಿಗೆ ತಾಗದಂತೆ ಎಚ್ಚರ. ಹೊಟ್ಟೆಯ ಅಡಿಯಲ್ಲಿ ಸೂಜಿಯಿಂದ ಸಣ್ಣ ತೂತು ಮಾಡಿ ಮೆಲ್ಲಗೆ ಒತ್ತಿದರೆ ಒಳಗಿನ ಕೊಬ್ಬು, ಮಾಂಸ ಹೊರಬರುತ್ತದೆ. ಹಿಂಡಿನಲ್ಲಿ ಒಂದೆರಡನ್ನು ಮಾತ್ರ ಹೀಗೆ ಖಾಲಿ ಮಾಡದೆ ಬಿಡಿ. ಅವುಗಳ ಕರುಳು ನಮಗೆ ಬೇಕು.

ನಂತರ ನೀರು ತೆಗೆಯುವ ಕೆಲಸ. 70 ಶೇಕಡಾ ಆಲ್ಕೋಹಾಲಿನಲ್ಲಿ ಒಂದು ಗಂಟೆ, 80ರಲ್ಲಿ 20 ನಿಮಿಷ, 95ರಲ್ಲಿ 10 ನಿಮಿಷ, ಶುದ್ಧ ಆಲ್ಕೋಹಾಲಿನಲ್ಲಿ ಐದೈದು ನಿಮಿಷದಂತೆ ಎರಡು ಸಲ. ಕೊನೆಗೆ ಲವಂಗದ ಎಣ್ಣೆಯಲ್ಲಿ ಅರ್ಧ ಗಂಟೆ. ಅವಸರ ಮಾಡಿದರೆ ನೀರಿನಂಶ ಉಳಿದು ಸ್ಲೈಡ್ ಹಾಲಿನ ಹಾಗೆ ಬೆಳ್ಳಗಾಗುತ್ತದೆ.

ಈಗ ಬರುವ ಉಪಾಯ ನನಗೆ ಬಹಳ ಇಷ್ಟ. 13 ಮಿಲಿಮೀಟರಿನ ದುಂಡನೆಯ ಕವರ್‌ಸ್ಲಿಪ್ ಮೇಲೆ ಒಂದು ಹನಿ ಕೆನಡಾ ಬಾಲ್ಸಮ್ (ಸ್ಲೈಡಿಗೆ ಬಳಸುವ ತಿಳಿಯಾದ ಮರದ ಅಂಟು) ಹಾಕಿ. ಹುಳುವನ್ನು ಅದರಲ್ಲಿ ಅಂಗಾತ ಮಲಗಿಸಿ. ಕಾಲು, ರೆಕ್ಕೆ, ಕುಡಿಮೀಸೆಗಳನ್ನು ಸೂಜಿಯಿಂದ ಬಿಡಿಸಿ. ಗಾಜಿನ ಸ್ಲೈಡನ್ನು ಮೇಲಿನಿಂದ ನಿಧಾನವಾಗಿ ಇಳಿಸಿ ಹನಿಗೆ ತಾಗಿಸಿ. ಹನಿ ಹರಡಿದ ಕೂಡಲೇ ಎಲ್ಲವನ್ನೂ ತಿರುಗಿಸಿಬಿಡಿ. ಹುಳು ಬೆನ್ನು ಮೇಲಾಗಿ, ಕವರ್‌ಸ್ಲಿಪ್ಪಿಗೆ ಅಂಟಿದಷ್ಟು ಹತ್ತಿರ ಇರುತ್ತದೆ. ಹೆಚ್ಚು ದೊಡ್ಡದು ಮಾಡುವ ಲೆನ್ಸ್ ಇಟ್ಟಾಗ ಫೋಕಸ್ ಸಿಗಲಿಲ್ಲ ಎಂಬ ಗೋಳು ಇರುವುದಿಲ್ಲ. ಆಮೇಲೆ 35ರಿಂದ 40 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಒಣಗಲು ಬಿಡಿ. ಪೂರ್ತಿ ಗಟ್ಟಿಯಾಗಲು ವಾರಗಳೇ ಹಿಡಿಯುತ್ತವೆ.

ಹೆಜ್ಜೆ 3: ಗಣ ಮತ್ತು ಉಪಗಣ

ಇದು ಸುಲಭದ ಭಾಗ. ಕನ್ನಡದಲ್ಲಿ ‘ನುಸಿ’ ಅನ್ನುವ ಪದವನ್ನು ಥ್ರಿಪ್ಸ್‌ಗೂ ಹೇಳುತ್ತೇವೆ, ಮೈಟ್‌ಗೂ ಹೇಳುತ್ತೇವೆ. ಹಾಗಾಗಿ ಮೊದಲು ಕಾಲು ಎಣಿಸಿ. ಬೆಳೆದ ಮೈಟ್‌ಗೆ ಎಂಟು ಕಾಲು, ಅದು ಜೇಡದ ನೆಂಟ. ಥ್ರಿಪ್ಸ್‌ಗೆ ಆರು, ಇದು ಕೀಟ.

ಗಣದ ಹೆಸರು ಥೈಸನೊಪ್ಟೆರಾ. ‘ಕುಚ್ಚಿನ ರೆಕ್ಕೆಯವು’ ಎಂಬ ಅರ್ಥ ಬರುವ ಗ್ರೀಕ್ ಹೆಸರು. 1836ರಲ್ಲಿ ಐರ್ಲೆಂಡಿನ ಕೀಟತಜ್ಞ ಹ್ಯಾಲಿಡೆ ಕೊಟ್ಟದ್ದು. ರೆಕ್ಕೆ ಅಂದರೆ ಒಂದು ಸಪೂರ ಪಟ್ಟಿ, ಅದರ ಅಂಚಿಗೆ ಕುಚ್ಚು ಕಟ್ಟಿದ ಹಾಗೆ ಉದ್ದ ಕೂದಲು. ರೆಕ್ಕೆ ಇಲ್ಲದಿದ್ದರೆ ಪಾದ ನೋಡಿ. ತುದಿಯಲ್ಲಿ ಉಬ್ಬಿ ಕುಗ್ಗುವ ಪುಟ್ಟ ಗುಳ್ಳೆ ಇರುತ್ತದೆ. ಬಾಯಿಯೂ ಸೊಟ್ಟ. ದವಡೆ ಎಡಗಡೆ ಮಾತ್ರ ಬೆಳೆಯುತ್ತದೆ, ಬಲಗಡೆಯದು ಮೊಟ್ಟೆಯೊಳಗೇ ಅಳಿದುಹೋಗುತ್ತದೆ. ಥ್ರಿಪ್ಸ್ ಎಂಬ ಪದ ಒಂದಕ್ಕೂ ಅದೇ, ನೂರಕ್ಕೂ ಅದೇ. ‘ಥ್ರಿಪ್’ ಅಂತ ಒಂದು ಹುಳು ಇಲ್ಲ.

ಇನ್ನು ಉಪಗಣ ಎರಡು. ಹೊಟ್ಟೆಯ ತುದಿ ನೋಡಿದರೆ ಮುಗಿಯಿತು. ಗಂಡು ಹೆಣ್ಣು ಎರಡರಲ್ಲೂ ಕೊನೆಯ ಖಂಡ ಕೊಳವೆಯಾಗಿದ್ದರೆ ಟ್ಯೂಬುಲಿಫೆರಾ. ಹೆಣ್ಣಿಗೆ ಗರಗಸದಂಥ ಮೊಟ್ಟೆಯಿಡುವ ಅಂಗ ಇದ್ದರೆ ಟೆರೆಬ್ರಾನ್ಷಿಯಾ. ಟೆರೆಬ್ರಾನ್ಷಿಯಾದ ರೆಕ್ಕೆಯ ಮೈಮೇಲೆ ನವಿರಾದ ಕೂದಲಿರುತ್ತದೆ. ಟ್ಯೂಬುಲಿಫೆರಾದ ರೆಕ್ಕೆ ನುಣ್ಣಗೆ, ನರವಿಲ್ಲದೆ, ಒಂದರ ಮೇಲೊಂದು ಮಡಚಿ ಕೂರುತ್ತದೆ.

ನಮ್ಮ ಬೀಜಕದ ಹುಳು ಟ್ಯೂಬುಲಿಫೆರಾ. ಇವತ್ತು ಬದುಕಿರುವ ಟ್ಯೂಬುಲಿಫೆರಾಗಳೆಲ್ಲ ಸೇರುವುದು ಒಂದೇ ಕುಟುಂಬಕ್ಕೆ, ಫ್ಲಿಯೋಥ್ರಿಪಿಡೀ. ಗಣದಲ್ಲಿ 6,000ಕ್ಕೂ ಹೆಚ್ಚು ಪ್ರಭೇದ ಇವೆ, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಈ ಒಂದೇ ಕುಟುಂಬದವು. ಅಂದರೆ ಇಲ್ಲಿಗೆ ಬಂದದ್ದರಿಂದ ಹೆಚ್ಚೇನೂ ಗೆದ್ದಿಲ್ಲ.

ಹೆಜ್ಜೆ 4: ಬಾಯಿ ತೆರೆಸಿ ನೋಡಿ

ಕೆಲಸ ಶುರುವಾಗುವುದು ಇಲ್ಲಿ. ಫ್ಲಿಯೋಥ್ರಿಪಿಡೀ ಕುಟುಂಬದಲ್ಲಿ ಎರಡು ಉಪಕುಟುಂಬ. ಒಂದು ಫ್ಲಿಯೋಥ್ರಿಪಿನೀ, ಇನ್ನೊಂದು ಇಡೊಲೊಥ್ರಿಪಿನೀ. ಮೊದಲನೆಯದರಲ್ಲಿ ಎಲೆ ತಿನ್ನುವವು, ಎಲೆಗಂಟು ಮಾಡುವವು, ಬೇರೆ ಹುಳುಗಳನ್ನು ಬೇಟೆಯಾಡುವವು, ಶಿಲೀಂಧ್ರದ ಎಳೆಗಳನ್ನು ಹೀರುವವು, ಹೀಗೆ ನಾನಾ ಬಗೆ. ಎರಡನೆಯದು ಬೀಜಕ ನುಂಗುವವರ ಮನೆ. ಸುಮಾರು 80 ಕುಲ, ಸುಮಾರು 700 ಪ್ರಭೇದ.

ಇವೆರಡನ್ನು ಬೇರೆ ಮಾಡುವ ಗುರುತು ತಲೆಯೊಳಗಿದೆ. 400 ಪಟ್ಟಿನಲ್ಲಿ ತಲೆಯ ಮೇಲೆ ಫೋಕಸ್ ಮಾಡಿ, ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸುತ್ತಾ ಕೆಳಗಿಳಿಯಿರಿ. ಮೊದಲು ಬೆನ್ನಿನ ಕಡೆಯ ಗೆರೆಗಳು, ಕಣ್ಣಿನ ಹಿಂದಿನ ಎರಡು ಉದ್ದ ಕೂದಲು ಕಾಣುತ್ತವೆ. ಇನ್ನೂ ಸ್ವಲ್ಪ ಇಳಿದರೆ ಅವು ಮಸುಕಾಗಿ, ಕೋನ್ ಆಕಾರದ ಬಾಯಿಯಿಂದ ತಲೆಯೊಳಕ್ಕೆ ಏರಿ ಹೋಗುವ ಎರಡು ಕಂದು ಪಟ್ಟಿಗಳು ಮೂಡುತ್ತವೆ. ಇವೇ ಸ್ಟೈಲೆಟ್‌ಗಳು. ಬಳಸುವಾಗ ಎರಡೂ ಒಂದಕ್ಕೊಂದು ಕಚ್ಚಿಕೊಂಡು ಹೀರುವ ನಳಿಗೆಯಾಗುತ್ತವೆ.

ಇವುಗಳ ಅಗಲ ಅಳೆಯಿರಿ. ಫ್ಲಿಯೋಥ್ರಿಪಿನೀಯಲ್ಲಿ ಒಂದು ಸ್ಟೈಲೆಟ್ ಸುಮಾರು 2ರಿಂದ 3 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು), ಬರೀ ಗೆರೆಯಂತೆ ಕಾಣುತ್ತದೆ. ಇಡೊಲೊಥ್ರಿಪಿನೀಯಲ್ಲಿ 5ರಿಂದ 10 ಮೈಕ್ರಾನ್, ನೋಡಿದರೆ ರಿಬ್ಬನ್. ಒಮ್ಮೆ ಎರಡನ್ನೂ ಪಕ್ಕಪಕ್ಕದ ಸ್ಲೈಡಿನಲ್ಲಿ ನೋಡಿದವರಿಗೆ ಮತ್ತೆ ಅಳತೆ ಗೆರೆಯೂ ಬೇಕಾಗುವುದಿಲ್ಲ. ಕಾರಣ ಸರಳ. ಬೀಜಕ ಇಡಿಯಾಗಿ ಒಳಗೆ ಹೋಗಬೇಕಾದರೆ ನಳಿಗೆ ಅಗಲ ಇರಲೇಬೇಕು, ಅಲ್ವಾ?

ಅಳೆಯುವಾಗ ಎರಡು ಎಚ್ಚರಿಕೆ. ಕಣ್ಣುಗಾಜಿನ ಗೆರೆಗಳು ಎಷ್ಟು ಮೈಕ್ರಾನಿಗೆ ಸಮ ಎಂಬುದನ್ನು ಅಳತೆ ಸ್ಲೈಡ್ ಇಟ್ಟು ಪ್ರತಿ ಲೆನ್ಸಿಗೂ ಬೇರೆ ಬೇರೆಯಾಗಿ ನೋಡಿಕೊಂಡಿರಬೇಕು. ಇನ್ನೊಂದು, ತುದಿಯಲ್ಲಿ ಅಳೆಯಬೇಡಿ, ಅಲ್ಲಿ ಎಲ್ಲವೂ ಸಪೂರವೇ. ತಲೆಯ ಮಧ್ಯದಲ್ಲಿ, ಒಂದೇ ಒಂದು ಸ್ಟೈಲೆಟ್ ಬಿಡಿಯಾಗಿ ಕಾಣುವ ಕಡೆ ಅಳೆಯಿರಿ. ಎರಡು ಒಂದರ ಮೇಲೊಂದು ಬಿದ್ದಿರುವಲ್ಲಿ ಅಳೆದರೆ ಸಪೂರದ್ದೂ ಅಗಲವಾಗಿ ಕಾಣುತ್ತದೆ.

ಅನುಮಾನ ಉಳಿಯಿತೇ? ಖಾಲಿ ಮಾಡದೆ ಇಟ್ಟ ಸ್ಲೈಡ್ ತೆಗೆಯಿರಿ. ಹೊಟ್ಟೆಯ ಮೇಲೆ ಫೋಕಸ್ ಮಾಡಿ. ಕರುಳಿನ ದಾರಿಯುದ್ದಕ್ಕೂ ಕಂದು ಕಾಳುಗಳು ತುಂಬಿಕೊಂಡಿರುತ್ತವೆ. ಕೆಲವು ದುಂಡಗೆ, ಕೆಲವು ಅಡ್ಡಗೆರೆ ಇರುವ ಉದ್ದ ಕಾಳು. ಅವೇ ಬೀಜಕಗಳು. ಹುಳು ತಾನು ತಿಂದದ್ದನ್ನು ಹೊಟ್ಟೆಯಲ್ಲೇ ಇಟ್ಟುಕೊಂಡು ಬಂದು ಸಾಕ್ಷಿ ಹೇಳುವುದು ಬೇರೆ ಗುಂಪುಗಳಲ್ಲಿ ಇಷ್ಟು ಸುಲಭವಾಗಿ ಸಿಗುವುದಿಲ್ಲ.

ಬೂಷ್ಟು ಹಿಡಿದ ಕೊಂಬೆಯಲ್ಲಿ ಸಿಕ್ಕಿತು ಎಂಬ ಒಂದೇ ಕಾರಣಕ್ಕೆ ಇಡೊಲೊಥ್ರಿಪಿನೀ ಅಂತ ಬರೆಯಬೇಡಿ. ಅದೇ ಕೊಂಬೆಯಲ್ಲಿ ಶಿಲೀಂಧ್ರದ ಎಳೆ ಹೀರುವ ಫ್ಲಿಯೋಥ್ರಿಪಿನೀಗಳೂ ಇರುತ್ತವೆ. ಮನೆ ಒಂದೇ, ಬಾಯಿ ಬೇರೆ.

ಹಳೆಯ ಪುಸ್ತಕ ಓದುವವರಿಗೆ ಒಂದು ಸೂಚನೆ. ಅಲ್ಲಿ ‘ಮೆಗಾಥ್ರಿಪಿನೀ’ ಎಂಬ ಹೆಸರು ಸಿಗುತ್ತದೆ. ಬೀಜಕ ತಿನ್ನುವ ಗುಂಪನ್ನು ಎಷ್ಟೋ ವರ್ಷ ಹಾಗೆ ಕರೆಯುತ್ತಿದ್ದರು. ಅದು ಹೊಸ ಗುಂಪೇನೂ ಅಲ್ಲ, ನಾವು ಹೇಳುತ್ತಿರುವುದೇ.

ಹೆಜ್ಜೆ 5: ಟ್ರೈಬ್, ಅಂದರೆ ಬೆನ್ನಿನ ಕೂದಲು

ಉಪಕುಟುಂಬಕ್ಕೂ ಕುಲಕ್ಕೂ ನಡುವಿನ ಮೆಟ್ಟಿಲಿಗೆ ಟ್ರೈಬ್ ಅನ್ನುತ್ತಾರೆ. ಇವತ್ತು ಎಲ್ಲರೂ ಅನುಸರಿಸುವ ಚೌಕಟ್ಟನ್ನು ಥ್ರಿಪ್ಸ್ ತಜ್ಞರಾದ ಮೌಂಡ್ ಮತ್ತು ಪಾಮರ್ 1983ರಲ್ಲಿ ಹಾಕಿಕೊಟ್ಟರು. ಅದರಂತೆ ಇಡೊಲೊಥ್ರಿಪಿನೀ ಉಪಕುಟುಂಬದಲ್ಲಿ ಎರಡು ಟ್ರೈಬ್: ಇಡೊಲೊಥ್ರಿಪಿನಿ ಮತ್ತು ಪೈಗೊಥ್ರಿಪಿನಿ.

ಹೆಸರಿನ ಕೊನೆಯನ್ನು ಗಮನಿಸಿ. ಪ್ರಾಣಿಗಳ ಹೆಸರಿಡುವ ನಿಯಮದಲ್ಲಿ ಕೊನೆಯ ಅಕ್ಷರವೇ ಅಂತಸ್ತು ಹೇಳುತ್ತದೆ. ‘ಇಡೀ’ ಅಂತ ಮುಗಿದರೆ ಕುಟುಂಬ, ‘ಇನೀ’ ಅಂದರೆ ಉಪಕುಟುಂಬ, ‘ಇನಿ’ ಅಂದರೆ ಟ್ರೈಬ್, ‘ಇನಾ’ ಅಂದರೆ ಉಪಟ್ರೈಬ್. ಕನ್ನಡದಲ್ಲಿ ಬರೆಯುವಾಗ ಉಪಕುಟುಂಬಕ್ಕೂ ಟ್ರೈಬಿಗೂ ಇರುವುದು ಒಂದು ದೀರ್ಘದ ವ್ಯತ್ಯಾಸ. ಅದನ್ನು ತಪ್ಪಿಸಿದರೆ ಮೊಮ್ಮಗ ಅಜ್ಜನಾಗುತ್ತಾನೆ.

ಟ್ರೈಬ್ ಗುರುತಿಸಲು ಹೊಟ್ಟೆಯ ಬೆನ್ನಿನ ಫಲಕಗಳಿಗೆ ಹೋಗಿ, ಎರಡರಿಂದ ಏಳನೆಯದರವರೆಗೆ. ಮಡಚಿದ ರೆಕ್ಕೆ ಜಾರದಂತೆ ಹಿಡಿದಿಡುವ ಕೂದಲುಗಳು ಅಲ್ಲಿವೆ. ನೆಟ್ಟಗೆ ಇರುವುದಿಲ್ಲ, ಹಾವು ಹರಿದ ಹಾಗೆ ಎರಡು ಕಡೆ ಬಾಗಿರುತ್ತವೆ. ಪ್ರತಿ ಫಲಕದಲ್ಲಿ ಇಂಥ ಬಾಗಿದ ಕೂದಲು ಎರಡು ಜೊತೆ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಇಡೊಲೊಥ್ರಿಪಿನಿ. ಒಂದೇ ಜೊತೆ ಇದ್ದರೆ ಪೈಗೊಥ್ರಿಪಿನಿ.

ರೆಕ್ಕೆ ಇಲ್ಲದ ಹುಳುವಿನಲ್ಲಿ ಈ ಗುರುತು ಕೈಕೊಡುತ್ತದೆ. ಹಿಡಿದಿಡಲು ರೆಕ್ಕೆಯೇ ಇಲ್ಲದಿದ್ದರೆ ಕೂದಲೂ ನೆಟ್ಟಗಾಗಿ ಸಣ್ಣಗಾಗುತ್ತದೆ. ಒಂದೇ ಪ್ರಭೇದದಲ್ಲಿ ರೆಕ್ಕೆಯವು, ಮೋಟು ರೆಕ್ಕೆಯವು, ರೆಕ್ಕೆ ಇಲ್ಲದವು ಇರಬಹುದು. ಅದಕ್ಕೇ ಹಿಂಡು ಹಿಡಿಯಿರಿ ಎಂದದ್ದು. ರೆಕ್ಕೆ ಇರುವ ಅಣ್ಣತಮ್ಮ ಒಬ್ಬ ಸಿಕ್ಕರೆ ಉತ್ತರ ಸಿಕ್ಕಿತು.

ಹೆಜ್ಜೆ 6: ಕುಲ ಮತ್ತು ಪ್ರಭೇದ, ಮತ್ತು ನಾನು ಬಿದ್ದ ಹಳ್ಳ

ಇಲ್ಲಿಂದ ಮುಂದೆ ಗುರುತಿನ ಕೀಲಿ, ಅಂದರೆ ಒಂದೊಂದೇ ಪ್ರಶ್ನೆ ಕೇಳುತ್ತಾ ಹೆಸರಿನತ್ತ ಕರೆದೊಯ್ಯುವ ಪಟ್ಟಿ, ಹಿಡಿದು ನಡೆಯಬೇಕು. ಕೀಲಿ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ: ತಲೆ ಅಗಲಕ್ಕಿಂತ ಉದ್ದವೇ, ಕಣ್ಣಿನ ಮುಂದಕ್ಕೆ ಚಾಚಿದೆಯೇ? ಕುಡಿಮೀಸೆಯ ಮೂರು ಮತ್ತು ನಾಲ್ಕನೇ ಖಂಡದಲ್ಲಿ ವಾಸನೆ ಹಿಡಿಯುವ ಕೋನ್ ಆಕಾರದ ಮೊನೆಗಳು ಎಷ್ಟು? ಹೊಟ್ಟೆಯ ಮೊದಲ ಫಲಕ, ಅಂದರೆ ಪೆಲ್ಟಾ, ಯಾವ ಆಕಾರ? ಕೊಳವೆಯ ಉದ್ದ ತಲೆಯ ಉದ್ದದ ಎಷ್ಟು ಪಾಲು? ಇವನ್ನೆಲ್ಲ ಹೆಣ್ಣಿನಲ್ಲಿ ನೋಡುವುದು ವಾಸಿ.

ಹೆಣ್ಣು ಯಾವುದು ಅಂತ ಸ್ಲೈಡಿನಲ್ಲಿ ಕಂಡುಹಿಡಿಯುವುದು ಸುಲಭ. ಒಂಬತ್ತನೇ ಖಂಡದ ಒಳಗೆ, ಕೊಳವೆ ಶುರುವಾಗುವ ಸ್ವಲ್ಪ ಮೊದಲು, ನಟ್ಟನಡುವೆ ಒಂದು ಕಪ್ಪು ಕಡ್ಡಿ ಕಾಣುತ್ತದೆ. ಬೆಂಕಿಕಡ್ಡಿಯ ತುಂಡಿನ ಹಾಗೆ. ಅದನ್ನು ಫಸ್ಟಿಸ್ ಅನ್ನುತ್ತಾರೆ, ಇದ್ದರೆ ಹೆಣ್ಣು. ಗಂಡಿನಲ್ಲಿ ಅದಿಲ್ಲ, ಕೊಳವೆಯ ಬುಡದ ಅಡಿಭಾಗದಲ್ಲಿ ಒಂದು ಕಚ್ಚು ಇರುತ್ತದೆ.

ಕೆಲವು ಕುಲಗಳು ದೂರದಿಂದಲೇ ಗುರುತು ಹೇಳುತ್ತವೆ. ಕಾಂಪ್ಸೊಥ್ರಿಪ್ಸ್ ರೆಕ್ಕೆ ಇಲ್ಲದೆ, ಸಪೂರ ಸೊಂಟದೊಂದಿಗೆ ಥೇಟ್ ಇರುವೆ. ಬ್ಯಾಕ್ಟ್ರೊಥ್ರಿಪ್ಸ್ ಗಂಡಿನ ಹೊಟ್ಟೆಯ ಪಕ್ಕದಲ್ಲಿ ಕೈಯಂತೆ ಚಾಚಿದ ಮೊಳೆಗಳಿರುತ್ತವೆ. ನೆಸೊಥ್ರಿಪ್ಸ್ ತಲೆ ಮೋಟು, ಅಗಲ. ಡೈನೊಥ್ರಿಪ್ಸ್ ದೊಡ್ಡ ಗಂಡಿಗೆ ಎದೆಯ ಪಕ್ಕದಲ್ಲಿ ಕೊಂಬು. ಟಿಯಾರೊಥ್ರಿಪ್ಸ್ ಸುಬ್ರಮಣಿಐ ದಕ್ಷಿಣ ಭಾರತದ ತಾಳೆಮರದ ಒಣ ಗರಿಗಳಲ್ಲಿ ಸಿಗುವಂಥದ್ದು. ಭಾರತದಲ್ಲಿ ಈ ಗುಂಪಿನ ಬಗ್ಗೆ ಬಹಳ ಕೆಲಸ ಮಾಡಿದವರು ಟಿ.ಎನ್. ಅನಂತಕೃಷ್ಣನ್.

ಈಗ ಹಳ್ಳದ ವಿಷಯ. ಕಲಿಯುತ್ತಿದ್ದ ದಿನಗಳಲ್ಲಿ ಒಂದೇ ಒಣ ಕೊಂಬೆಯಿಂದ ನಾನು ಹತ್ತಾರು ಹುಳು ಹಿಡಿದಿದ್ದೆ. ಸ್ಲೈಡ್ ಮಾಡಿ ಎರಡು ಸಾಲು ಜೋಡಿಸಿದೆ. ಒಂದು ಸಾಲಿನವು ಉದ್ದ, ಮುಂಗಾಲಿನ ತೊಡೆ ಉಬ್ಬಿ, ಪಾದದಲ್ಲಿ ದೊಡ್ಡ ಹಲ್ಲು. ಇನ್ನೊಂದು ಸಾಲಿನವು ಅದರ ಮುಕ್ಕಾಲು ಗಾತ್ರ, ಕಾಲು ಸಪೂರ, ಹಲ್ಲು ಕಂಡೂ ಕಾಣದಷ್ಟು. ಎರಡು ಪ್ರಭೇದ ಅಂತ ಚೀಟಿಯನ್ನೂ ಅಂಟಿಸಿಬಿಟ್ಟೆ. ಹಿರಿಯರೊಬ್ಬರಿಗೆ ಜಂಬದಿಂದ ತೋರಿಸಿದೆ. ಅವರು ಮೊದಲ ಸಾಲನ್ನು ಒಂದೊಂದಾಗಿ ಮೈಕ್ರೋಸ್ಕೋಪಿನಡಿ ಇಟ್ಟು ನೋಡಿ, “ಎಲ್ಲ ಗಂಡೇ ಇವೆಯಲ್ರೀ, ಈ ಪ್ರಭೇದದ ಹೆಣ್ಣು ಎಲ್ಲಿ?” ಅಂದರು. ನಾನು ಉತ್ತರ ಹುಡುಕುತ್ತಿದ್ದಾಗ, “ಇನ್ನೊಂದು ಸಾಲಿನಲ್ಲಿ ಇದ್ದಾಳೆ ನೋಡಿ” ಅಂತ ಅವರೇ ಹೇಳಿದರು.

ಮತ್ತೆ ಹೋಗಿ ಅದೇ ಮರದಿಂದ ಇನ್ನಷ್ಟು ಹಿಡಿದೆ. ನಡುವಿನ ಗಾತ್ರದ ಗಂಡುಗಳು ಸಿಕ್ಕವು. ಚಿಕ್ಕದರಿಂದ ದೊಡ್ಡದರವರೆಗೆ ಸಾಲಾಗಿ ಜೋಡಿಸಿದರೆ ಎಲ್ಲೂ ಕಡಿದುಹೋಗದ ಒಂದೇ ಮೆಟ್ಟಿಲು. ಮೈ ಸ್ವಲ್ಪ ಬೆಳೆದರೆ ಮುಂಗಾಲು ಅದಕ್ಕಿಂತ ವೇಗವಾಗಿ ಬೆಳೆಯುತ್ತದೆ, ಅಷ್ಟೇ. ಚಿಕ್ಕ ಗಂಡು ಹೆಚ್ಚುಕಡಿಮೆ ಹೆಣ್ಣಿನ ಹಾಗೇ ಕಾಣುತ್ತದೆ.

ನಾನು ಚೀಟಿ ಹರಿದು ಹಾಕಿದೆ, ಮುಗಿಯಿತು. ಆದರೆ ಇದೇ ತಪ್ಪು ಅಚ್ಚಾಗಿ ಹೋದದ್ದೂ ಉಂಟು. ದೊಡ್ಡ ಗಂಡಿಗೆ ಒಂದು ಹೆಸರು, ಚಿಕ್ಕ ಗಂಡಿಗೆ ಇನ್ನೊಂದು, ಆಮೇಲೆ ಬಂದವರು ಎರಡನ್ನೂ ಒಂದು ಮಾಡುವುದು. ಈ ಗುಂಪಿನ ಸಮಾನ ಹೆಸರುಗಳ ಪಟ್ಟಿ ಉದ್ದವಾಗಲು ಇದೊಂದು ಮುಖ್ಯ ಕಾರಣ.

ಗಂಡುಗಳಿಗೆ ಈ ದಪ್ಪ ಕಾಲು ಯಾಕೆ ಅನ್ನುವುದೂ ಗೊತ್ತಿರಲಿ. ಅಮೆರಿಕದಲ್ಲಿ ಓಕ್ ಮರದ ಒಣ ಎಲೆಗಳಲ್ಲಿರುವ ಎಲಾಫ್ರೊಥ್ರಿಪ್ಸ್ ಟ್ಯೂಬರ್‌ಕ್ಯುಲೇಟಸ್ ಎಂಬುದನ್ನು ಜೀವವಿಜ್ಞಾನಿ ಬರ್ನಾರ್ಡ್ ಕ್ರೆಸ್ಪಿ ಹತ್ತಿರದಿಂದ ಗಮನಿಸಿದರು. ಮೊಟ್ಟೆ ಇಡುವ ಹೆಣ್ಣನ್ನು ಕಾಯಲು ಗಂಡುಗಳು ಜಗಳವಾಡುತ್ತವೆ, ದೊಡ್ಡವೇ ಹೆಚ್ಚಾಗಿ ಗೆಲ್ಲುತ್ತವೆ. ಇದಕ್ಕಿಂತ ವಿಚಿತ್ರ, ಈ ಪ್ರಭೇದದ ಹೆಣ್ಣು ಮೊಟ್ಟೆ ಇಟ್ಟರೆ ಹೆಣ್ಣು ಸಂತಾನ, ಮರಿ ಹಾಕಿದರೆ ಗಂಡು ಸಂತಾನ. ಇದನ್ನು ಅವರು 1989ರಲ್ಲಿ ಪ್ರಕಟಿಸಿದರು. ವರ್ಗೀಕರಣಕ್ಕೆ ಇದರಿಂದ ನೇರ ಉಪಯೋಗ ಇಲ್ಲ, ಆದರೂ ಹೇಳದೆ ಇರಲಾಗಲಿಲ್ಲ.

ಹೆಜ್ಜೆ 7: ಹೆಸರು ಬರೆಯುವುದು, ಓದುವುದು

ಒಂದು ಉದಾಹರಣೆ ಹಿಡಿಯೋಣ. ಆಸ್ಟ್ರೇಲಿಯಾದಲ್ಲಿ ನೀಲಗಿರಿ ಮರದ ನೇತಾಡುವ ಒಣ ಎಲೆಗಳಲ್ಲಿ ಇರುವ ಇಡೊಲೊಥ್ರಿಪ್ಸ್ ಸ್ಪೆಕ್ಟ್ರಮ್. ಥ್ರಿಪ್ಸ್‌ಗಳಲ್ಲೇ ದೈತ್ಯ, ಸುಮಾರು 14 ಮಿಲಿಮೀಟರ್‌ವರೆಗೆ ಬೆಳೆಯುತ್ತದೆ. ಇದರ ವಿಳಾಸ ಹೀಗೆ: ಗಣ ಥೈಸನೊಪ್ಟೆರಾ, ಉಪಗಣ ಟ್ಯೂಬುಲಿಫೆರಾ, ಕುಟುಂಬ ಫ್ಲಿಯೋಥ್ರಿಪಿಡೀ, ಉಪಕುಟುಂಬ ಇಡೊಲೊಥ್ರಿಪಿನೀ, ಟ್ರೈಬ್ ಇಡೊಲೊಥ್ರಿಪಿನಿ, ಉಪಟ್ರೈಬ್ ಇಡೊಲೊಥ್ರಿಪಿನಾ, ಕುಲ ಇಡೊಲೊಥ್ರಿಪ್ಸ್, ಪ್ರಭೇದ ಸ್ಪೆಕ್ಟ್ರಮ್. ಪೂರ್ತಿ ಹೆಸರು: ಇಡೊಲೊಥ್ರಿಪ್ಸ್ ಸ್ಪೆಕ್ಟ್ರಮ್ ಹ್ಯಾಲಿಡೆ, 1852. ಕೊನೆಯಲ್ಲಿರುವುದು ಹೆಸರಿಟ್ಟವರು ಮತ್ತು ಇಟ್ಟ ವರ್ಷ.

‘ಇಡೊಲೊ’ ಬಂದದ್ದು ಛಾಯೆ, ಭೂತ ಎಂಬ ಅರ್ಥದ ಗ್ರೀಕ್ ಪದದಿಂದ. ‘ಸ್ಪೆಕ್ಟ್ರಮ್’ ಕೂಡ ಲ್ಯಾಟಿನ್ನಿನಲ್ಲಿ ಭೂತವೇ. ಭೂತದ ಮೇಲೆ ಭೂತ. ಭೂತಗನ್ನಡಿ ಅನ್ನುವ ಪದ ಇಟ್ಟುಕೊಂಡಿರುವ ನಮಗೆ ಈ ಹೆಸರು ಮರೆಯುವ ಹಾಗಿಲ್ಲ.

ಇಲ್ಲಿ ಹ್ಯಾಲಿಡೆ ಹೆಸರಿಗೆ ಆವರಣ ಚಿಹ್ನೆ ಇಲ್ಲ. ಅವರು ಯಾವ ಕುಲದಲ್ಲಿ ಇಟ್ಟರೋ ಹುಳು ಇವತ್ತೂ ಅದೇ ಕುಲದಲ್ಲಿದೆ ಎಂದು ಇದರರ್ಥ. ಎಲಾಫ್ರೊಥ್ರಿಪ್ಸ್ ಟ್ಯೂಬರ್‌ಕ್ಯುಲೇಟಸ್ ಮುಂದೆ ಹುಡ್ ಎಂಬ ಹೆಸರನ್ನು ಆವರಣದೊಳಗೆ ಬರೆಯುತ್ತಾರೆ. ಹುಡ್ ಅದನ್ನು ಬೇರೆ ಕುಲದಲ್ಲಿ ಇಟ್ಟಿದ್ದರು, ಆಮೇಲೆ ಈಗಿನ ಕುಲಕ್ಕೆ ಬಂತು. ಎರಡು ಕಂಸ ಇಷ್ಟು ಕಥೆ ಹೇಳುತ್ತವೆ. ಹಾಗಾಗಿ ಚೆಂದಕ್ಕೆ ಅಂತ ಅವನ್ನು ಹಾಕಬೇಡಿ, ತೆಗೆಯಲೂಬೇಡಿ.

ಕುಲ ಬದಲಾದರೂ ಪ್ರಭೇದದ ಹೆಸರು ಜೊತೆಯಲ್ಲೇ ಹೋಗುತ್ತದೆ. ಅದು ವಿಶೇಷಣವಾಗಿದ್ದರೆ ಕೊನೆ ಮಾತ್ರ ಕುಲದ ಲಿಂಗಕ್ಕೆ ಹೊಂದಬೇಕು. ‘ಥ್ರಿಪ್ಸ್’ ಅಂತ ಮುಗಿಯುವ ಕುಲಗಳೆಲ್ಲ ಪುಲ್ಲಿಂಗ, ಅದಕ್ಕೇ ‘ಟ್ಯೂಬರ್‌ಕ್ಯುಲೇಟಸ್’. ‘ಸ್ಪೆಕ್ಟ್ರಮ್’ ನಾಮಪದ, ಅದು ಯಾವ ಕುಲಕ್ಕೆ ಹೋದರೂ ಹಾಗೇ ಇರುತ್ತದೆ. ‘ಸುಬ್ರಮಣಿಐ’ ಒಬ್ಬ ವ್ಯಕ್ತಿಯ ಹೆಸರಿನ ಷಷ್ಠಿ, ಅದೂ ಬದಲಾಗದು.

ಒಂದೇ ಹುಳುವಿಗೆ ಎರಡು ಹೆಸರಿದ್ದರೆ ಸಾಮಾನ್ಯವಾಗಿ ಮೊದಲು ಪ್ರಕಟವಾದದ್ದೇ ಉಳಿಯುತ್ತದೆ. ಪ್ರಾಣಿಗಳ ಹೆಸರುಗಳಿಗೆ ಈ ಲೆಕ್ಕ ಶುರುವಾಗುವುದು 1758ರಿಂದ, ಲಿನೇಯಸ್ ಥ್ರಿಪ್ಸ್ ಎಂಬ ಕುಲಕ್ಕೆ ಹೆಸರಿಟ್ಟ ವರ್ಷದಿಂದಲೇ. ಹೆಸರು ಕೊನೆಗೆ ಅಂಟಿಕೊಂಡಿರುವುದು ವಿವರಣೆಗಲ್ಲ, ಮೂಲ ಮಾದರಿಗೆ. ಯಾವುದೋ ಸಂಗ್ರಹಾಲಯದ ಪೆಟ್ಟಿಗೆಯಲ್ಲಿರುವ ಒಂದು ಸ್ಲೈಡ್ ಅದು, ಹೊಲೊಟೈಪ್. ನಿಮ್ಮ ಹುಳು ಕೀಲಿಯ ಯಾವ ದಾರಿಗೂ ಬೀಳದಿದ್ದರೆ ಹೊಸ ಪ್ರಭೇದ ಅಂತ ಕುಣಿಯುವ ಮೊದಲು ಹತ್ತಿರದ ಪ್ರಭೇದಗಳ ಮೂಲ ವಿವರಣೆ ಓದಿ. ಸಾಧ್ಯವಾದರೆ ಮಾದರಿ ಸ್ಲೈಡಿನ ಚಿತ್ರ ತರಿಸಿಕೊಳ್ಳಿ. ಹೆಸರುಗಳ ಇವತ್ತಿನ ಸ್ಥಿತಿ ನೋಡಲು ಥ್ರಿಪ್ಸ್‌ವಿಕಿ ಎಂಬ ಆನ್‌ಲೈನ್ ಪಟ್ಟಿ ಇದೆ.

ಅಷ್ಟಾದರೂ ಪ್ರಭೇದ ಪಕ್ಕಾ ಆಗದಿದ್ದರೆ ಸ್ಲೈಡಿನ ಚೀಟಿಯಲ್ಲಿ ಕುಲದ ಹೆಸರು ಬರೆದು, ಪ್ರಭೇದದ ಜಾಗ ಖಾಲಿ ಬಿಡಿ. ಗಂಡೋ ಹೆಣ್ಣೋ, ರೆಕ್ಕೆ ಇದೆಯೋ ಇಲ್ಲವೋ, ಸ್ಟೈಲೆಟ್ ಅಗಲ ಎಷ್ಟು ಮೈಕ್ರಾನ್, ಕರುಳಿನಲ್ಲಿ ಬೀಜಕ ಕಂಡಿತೋ ಇಲ್ಲವೋ ಅದನ್ನು ಬರೆಯಿರಿ. ಅದೇ ಕೊಂಬೆಯ ಮಿಕ್ಕ ಹುಳುಗಳು ಯಾವ ಸೀಸೆಯಲ್ಲಿವೆ ಎಂಬುದನ್ನೂ ಪಕ್ಕದಲ್ಲಿ ಗುರುತು ಹಾಕಿಡಿ.